ಕಳ್ಳತನದ ಸುಳ್ಳು ಆರೋಪ: ಹೆಸರು ತೊಳೆದುಕೊಳ್ಳುವ ದಾರಿ

ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಿಮೆ ಬಂದರೆ ಅನುಮಾನ ಮೊದಲು ಕೆಲಸದವರ ಮೇಲೆಯೇ ಬೀಳುತ್ತದೆ. ಮಾಲೀಕರ ದೂರಿನ ಮೇಲೆ ಎಫ್‌ಐಆರ್ ದಾಖಲಾಗಿದ್ದರೆ, ಎದೆಗುಂದದೆ ಅದರ ಪ್ರತಿಯನ್ನು ಪಡೆದು, ಕಳವು ನಡೆಯಿತೆಂದು ಬರೆದಿರುವ ದಿನಾಂಕ ಮತ್ತು ವೇಳೆಯನ್ನು ಗುರುತು ಹಾಕಿಕೊಳ್ಳಿ. ಸಿಸಿಟಿವಿಯ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ತುಂಬಿದಂತೆ ಹಳೆಯ ದೃಶ್ಯಗಳು ಅಳಿಸಿ ಅವುಗಳ ಜಾಗದಲ್ಲಿ ಹೊಸವು ದಾಖಲಾಗುತ್ತವೆ; ಆದ್ದರಿಂದ ಆ ವೇಳೆಯ ದೃಶ್ಯವನ್ನು ವಶಕ್ಕೆ ಪಡೆಯಬೇಕೆಂದು ತನಿಖಾಧಿಕಾರಿಗೆ ಅಂದೇ ಲಿಖಿತ ಮನವಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ.

ಈ ಹಂತದಲ್ಲಿ "ಹಣ ಕಟ್ಟಿ, ಒಂದು ಕ್ಷಮಾಪಣೆ ಪತ್ರ ಬರೆದುಕೊಟ್ಟರೆ ಇಲ್ಲಿಗೇ ಮುಗಿಸೋಣ" ಎಂಬ ಮಾತು ಬರುವುದುಂಟು. ಮನೆಯವರೂ ಮರ್ಯಾದೆಗೆ ಅಂಜಿ ಒಪ್ಪಿಕೊಳ್ಳಲು ಹೇಳಬಹುದು. ದಯವಿಟ್ಟು ಬರೆದುಕೊಡಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಕಾನೂನು ಸಾಕ್ಷ್ಯವಾಗಿ ಒಪ್ಪುವುದಿಲ್ಲ, ಆದರೆ ಮಾಲೀಕರಿಗೆ ಕೊಟ್ಟ ಪತ್ರವನ್ನು ನಿಮ್ಮ ವಿರುದ್ಧವೇ ಬಳಸಲು ಅವಕಾಶವಿದೆ. ಪೊಲೀಸರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕರಣಗಳ ತನಿಖೆ, ವಿಚಾರಣೆಯ ಕಾನೂನು) 35(3)ನೇ ಕಲಮಿನಡಿ ಹಾಜರಾಗುವಂತೆ ನೋಟಿಸ್ ಕೊಟ್ಟರೆ ತಪ್ಪದೆ ಹಾಜರಾಗಿ. ತಪ್ಪಿಸಿಕೊಂಡರೆ ಬಂಧನಕ್ಕೆ ಕಾರಣ ಸಿಗುತ್ತದೆ.

ಆರೋಪ ಸುಳ್ಳೆಂದು ಕಂಡುಬಂದರೆ ಕರ್ನಾಟಕದ ಪೊಲೀಸರು ನ್ಯಾಯಾಲಯಕ್ಕೆ 'ಬಿ' ರಿಪೋರ್ಟ್, ಅಂದರೆ ಪ್ರಕರಣ ಮುಕ್ತಾಯದ ವರದಿ, ಸಲ್ಲಿಸುತ್ತಾರೆ. ಇದನ್ನು 'ಸಿ' ರಿಪೋರ್ಟ್ ಜೊತೆ ಬೆರೆಸಬಾರದು: ಆರೋಪಿ ಪತ್ತೆಯಾಗಲಿಲ್ಲ ಎಂಬುದಷ್ಟೇ 'ಸಿ'ಯ ಅರ್ಥ, ಅದರಿಂದ ನಿಮ್ಮ ಹೆಸರು ತೊಳೆದುಹೋಗುವುದಿಲ್ಲ. 'ಬಿ' ರಿಪೋರ್ಟಿಗೂ ದೂರುದಾರರು ತಕರಾರು ಅರ್ಜಿ ಹಾಕಬಹುದಾದ್ದರಿಂದ, "ಕೇಸ್ ಮುಗಿಯಿತು, ಹೋಗಿ" ಎಂಬ ಠಾಣೆಯ ಬಾಯಿಮಾತಿಗೆ ನಿಶ್ಚಿಂತರಾಗದೆ, ಮ್ಯಾಜಿಸ್ಟ್ರೇಟರು ಅದನ್ನು ಅಂಗೀಕರಿಸಿ ಆದೇಶ ಮಾಡುವವರೆಗೂ ವಿಚಾರಿಸುತ್ತಿರಿ. ದೂರನ್ನು ಪೂರ್ತಿ ಓದಿದರೂ ಅಪರಾಧವೇ ಕಾಣದಿದ್ದರೆ, ಅದೇ ನಾಗರಿಕ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಪ್ರಕರಣ ರದ್ದುಪಡಿಸುವಂತೆ ಹೈಕೋರ್ಟಿಗೆ ಹೋಗುವ ದಾರಿಯೂ ಇದೆ. ಅದಕ್ಕೆ ವಕೀಲರ ಸಲಹೆ ಬೇಕೇ ಬೇಕು.

ಆದೇಶ ಬಂದ ಮೇಲೆ ಅದರ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ನ್ಯಾಯಾಲಯದ ಮೊಹರಿರುವ ಎರಡು ಮೂರು ಪ್ರತಿಗಳನ್ನು ಪಡೆದುಕೊಳ್ಳಿ. ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಇನ್ನೊಂದನ್ನು ಪಾಸ್‌ಪೋರ್ಟ್ ಪರಿಶೀಲನೆಗೆ ಅಥವಾ ಹೊಸದಾಗಿ ಕೆಲಸ ಕೊಡುವವರು ಕೇಳಿದಾಗ ತೋರಿಸಲು ಇಟ್ಟುಕೊಳ್ಳಿ. ವಿಚಾರಣೆ ನಡೆದು ಖುಲಾಸೆಯಾದವರು ತಮ್ಮ ಮೇಲೆ ದುರುದ್ದೇಶದಿಂದ ಹೂಡಿದ ಮೊಕದ್ದಮೆಗಾಗಿ ಪರಿಹಾರ ಕೇಳುವುದಾದರೆ, ಖುಲಾಸೆಯಾದ ದಿನದಿಂದ 1 ವರ್ಷದೊಳಗೆ ಸಿವಿಲ್ ದಾವೆ ಹೂಡಬೇಕು.