ಹಳೆ ಜೀಪಿಗೆ ಬೇರೆ ಎಂಜಿನ್: ಇಗ್ನಿಷನ್ ವೈರಿಂಗ್ ಹೊಂದಿಸುವುದು ಹೇಗೆ

ಶಿರಸಿ, ಯಲ್ಲಾಪುರ, ಕಾರವಾರ ಕಡೆ ಹಳೆ ಪೆಟ್ರೋಲ್ ಜೀಪನ್ನು ಉಳಿಸಿಕೊಂಡವರು ಮೂಲ ಎಂಜಿನ್ ಸೋತ ಮೇಲೆ ಕಾರ್ಬುರೇಟರ್ ಕಾಲದ ಮಾರುತಿ ಜಿಪ್ಸಿ ಎಂಜಿನ್ ಕೂರಿಸುವುದುಂಟು. ಮೌಂಟಿಂಗ್, ಗೇರ್‌ಬಾಕ್ಸ್ ಕೆಲಸ ಮುಗಿಸಿದವರು ಕಡೆಗೆ ಹಳೆ ಇಗ್ನಿಷನ್ ಕಾಯಿಲ್‌ಗೆ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಸುರುಳಿ) ಬರುತ್ತಿದ್ದ ವೈರನ್ನೇ ಹೊಸ ಕಾಯಿಲ್‌ಗೆ ಸಿಕ್ಕಿಸಿಬಿಡುತ್ತಾರೆ. ಆಮೇಲಿನ ಮುಕ್ಕಾಲು ತೊಂದರೆ ಅಲ್ಲಿಂದಲೇ ಶುರು.

ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಅನುಮತಿ ಪಡೆಯಿರಿ (ಕಾರವಾರ ಕೆಎ-30, ಶಿರಸಿ ಕೆಎ-31). ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಜೀಪು 6 ವೋಲ್ಟಿನದಾಗಿದ್ದರೆ ಬಲ್ಬುಗಳೂ ಸೇರಿ ಎಲ್ಲವನ್ನೂ 12 ವೋಲ್ಟಿಗೆ ತಂದ ಮೇಲೆಯೇ ಮುಂದಿನ ಮಾತು.

ಹಳೆ ವೈರು ಯಾಕೆ ಬೇಡ? ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕೂಡಿಸುವ ಯಾಂತ್ರಿಕ ಸ್ವಿಚ್) ಇರುವ ಎಷ್ಟೋ ಗಾಡಿಗಳಲ್ಲಿ ಕಾಯಿಲ್‌ಗೆ ಹೋಗುವ ದಾರಿಯಲ್ಲಿ ಸುಮಾರು 1.5 ಓಮ್‌ನ ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ತಡೆ) ಇರುತ್ತದೆ. ಕೆಲವದರಲ್ಲಿ ಅದು ಕಣ್ಣಿಗೆ ಬೀಳದ ಹಾಗೆ ವೈರಿನ ರೂಪದಲ್ಲೇ ಹಾರ್ನೆಸ್ ಒಳಗೆ ಸೇರಿಕೊಂಡಿರುತ್ತದೆ. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿನಲ್ಲಿ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ) ಪಾಯಿಂಟಿನ ಕೆಲಸ ಮಾಡುವ ಇಗ್ನೈಟರ್‌ಗೆ ಪೂರ್ತಿ 12 ವೋಲ್ಟ್ ಬೇಕು. ಬ್ಯಾಲಸ್ಟ್ ದಾಟಿ ಬಂದ ವೋಲ್ಟೇಜಿನಲ್ಲಿ ಕಿಡಿ ಬಡವಾಗುತ್ತದೆ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಇದನ್ನು ಪತ್ತೆ ಮಾಡುವಾಗ ಮಲ್ಟಿಮೀಟರ್ ಮೋಸ ಮಾಡುತ್ತದೆ. ಬಿಚ್ಚಿಟ್ಟ ವೈರಿನ ತುದಿಗೆ ಮೀಟರ್ ಹಿಡಿದರೆ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಬ್ಯಾಲಸ್ಟ್ ಇದ್ದರೂ 12 ವೋಲ್ಟೇ ತೋರಿಸುತ್ತದೆ. ಆ ತುದಿಗೂ ಚಾಸಿಗೂ ನಡುವೆ ಬ್ರೇಕ್ ಲೈಟಿನ 21 ವ್ಯಾಟ್ ಬಲ್ಬ್ ಹಾಕಿ, ಅದು ಉರಿಯುತ್ತಿರುವಾಗ ಅಳೆಯಿರಿ. ಬ್ಯಾಟರಿಗಿಂತ 2 ವೋಲ್ಟ್ ಅಥವಾ ಅದಕ್ಕೂ ಹೆಚ್ಚಿನ ಕೊರತೆ ಕಂಡರೆ ದಾರಿಯಲ್ಲಿ ಬ್ಯಾಲಸ್ಟ್ ಇದೆ, ಇಲ್ಲವೇ ಎಲ್ಲೋ ಕಿಲುಬು ಹಿಡಿದ ಕನೆಕ್ಷನ್ ಇದೆ. ಎರಡರಲ್ಲಿ ಯಾವುದಾದರೂ ಆ ವೈರು ಹೊಸ ಕಾಯಿಲ್‌ಗೆ ನಾಲಾಯಕ್ಕು.

ಕಾಯಿಲ್ ಮತ್ತು ಇಗ್ನೈಟರನ್ನು ಜೋಡಿಯಾಗಿಯೇ, ಹೊಸ ಎಂಜಿನ್ನಿನದ್ದನ್ನೇ ಹಾಕಿ. ಕಾಯಿಲ್‌ನ ಪ್ರೈಮರಿ ಓಮ್ ಅಳೆಯುವಾಗ ಮೀಟರಿನ ಎರಡೂ ಕಡ್ಡಿ ಮುಟ್ಟಿಸಿ ಬರುವ 0.2–0.3 ಓಮ್ ಕಳೆಯುವುದನ್ನು ಮರೆಯಬೇಡಿ, ಇಷ್ಟು ಸಣ್ಣ ಅಳತೆಯಲ್ಲಿ ಅದೇ ದೊಡ್ಡ ವ್ಯತ್ಯಾಸ.

ಈಗ ಹೊಸ ಲೈನ್. 12 ವೋಲ್ಟಿನ 30 ಆಂಪಿಯರ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್) ಒಂದು, 15 ಆಂಪಿಯರ್ ಫ್ಯೂಸ್ ಒಂದು, 2.5 ಚದರ ಮಿ.ಮೀ. ವೈರು ಬೇಕು. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಮೂಲಕ ರಿಲೇಯ 30 ನಂಬರಿನ ಟರ್ಮಿನಲ್‌ಗೆ, 87 ನಂಬರಿನದರಿಂದ ಕಾಯಿಲ್ ಪ್ಲಸ್‌ಗೆ ಮತ್ತು ಇಗ್ನೈಟರ್‌ಗೆ. 85 ಚಾಸಿಗೆ. 86ಕ್ಕೆ ಕೀ ಸ್ವಿಚ್ಚಿನಿಂದ 1 ಚದರ ಮಿ.ಮೀ. ವೈರು ಸಾಕು, ಆದರೆ ಯಾವ ಟರ್ಮಿನಲ್‌ನಿಂದ ಎಂಬುದು ಮುಖ್ಯ. ಸೆಲ್ಫ್ ತಿರುಗುವಾಗಲೂ ಕರೆಂಟ್ ಉಳಿಯುವ ಇಗ್ನಿಷನ್ ಟರ್ಮಿನಲ್ ಬೇಕು. ಆಕ್ಸೆಸರಿ ಟರ್ಮಿನಲ್ ಸೆಲ್ಫ್ ಹೊಡೆಯುವಾಗ ಸತ್ತುಹೋಗುತ್ತದೆ. ಸೆಲ್ಫ್ ತಿರುಗುವಷ್ಟು ಹೊತ್ತು ಸುಮ್ಮನಿದ್ದು, ಕೀ ಬಿಟ್ಟ ಕ್ಷಣಕ್ಕೆ ಎಂಜಿನ್ ಹೊತ್ತಿಕೊಳ್ಳಲು ನೋಡಿದರೆ ಇದೇ ತಪ್ಪು ಆಗಿದೆ. ತಿರುಗಾ ಮುರುಗಾ ಆದರೆ, ಅಂದರೆ ಸೆಲ್ಫ್ ಇರುವಾಗ ಹೊತ್ತಿ ಕೀ ಬಿಟ್ಟೊಡನೆ ಆರಿದರೆ, ಕಾಯಿಲ್ ಹಳೆಯ ಬೈಪಾಸ್ ವೈರಿನಲ್ಲಿ ನಿಂತಿದೆ. ಸ್ಟಾರ್ಟರ್ ಸೊಲೆನಾಯ್ಡ್‌ನಿಂದ ಬರುವ, ಸೆಲ್ಫ್ ಹೊಡೆಯುವಾಗ ಮಾತ್ರ ಬ್ಯಾಲಸ್ಟ್ ತಪ್ಪಿಸಿ ಕರೆಂಟ್ ಕೊಡುವ ಆ ವೈರನ್ನು ಎರಡೂ ತುದಿಯಲ್ಲಿ ಬಿಚ್ಚಿ ತೆಗೆದುಬಿಡಿ. ಹಳೆ ಪಾಯಿಂಟಿನ ಕಂಡೆನ್ಸರ್ ಕೂಡ ಇಲ್ಲಿ ಉಳಿಯಬಾರದು.

ರಿಲೇ ಹಾಕಿದ ಗಾಡಿ ಕೀ ಆಫ್ ಮಾಡಿದರೂ ಓಡುತ್ತಲೇ ಇದ್ದರೆ ಗಾಬರಿ ಬೇಡ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಅದರ ಎಲ್ ಟರ್ಮಿನಲ್‌ನಿಂದ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ವಾರ್ನಿಂಗ್ ಬಲ್ಬಿನ ಮೂಲಕ ಕರೆಂಟ್ ಹಿಂದಕ್ಕೆ ಬಂದು ರಿಲೇಯನ್ನು ಹಿಡಿದಿಟ್ಟಿರುತ್ತದೆ. ಬಲ್ಬಿನ ವೈರಿನಲ್ಲಿ ಒಂದು 1ಎನ್ 4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದು) ಹಾಕಿ, ಬಿಳಿ ಪಟ್ಟಿ ಆಲ್ಟರ್ನೇಟರ್ ಕಡೆಗಿರಲಿ.

ಅರ್ಥಿಂಗ್ ಬಗ್ಗೆ ಕರಾವಳಿಯವರು ಹೆಚ್ಚೇ ತಲೆ ಕೆಡಿಸಿಕೊಳ್ಳಬೇಕು. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುವುದರಿಂದ ಚಾಸಿಗೆ ತಾನಾಗಿ ಅರ್ಥ್ ಸಿಗುವುದಿಲ್ಲ. 25 ಚದರ ಮಿ.ಮೀ. ಕೇಬಲ್ ಒಂದನ್ನು ಎಂಜಿನ್ ಬ್ಲಾಕಿನಿಂದ ಚಾಸಿಗೆ ಎಳೆಯಿರಿ. ಇಲ್ಲವಾದರೆ ಸೆಲ್ಫಿನ ಕರೆಂಟ್ ಆಕ್ಸಿಲರೇಟರ್, ಕ್ಲಚ್ ಕೇಬಲ್‌ಗಳಲ್ಲಿ ದಾರಿ ಹುಡುಕಿ ಅವನ್ನು ಸುಡುತ್ತದೆ. ಇಗ್ನೈಟರಿನ ಬಾಡಿಯೇ ಅದರ ಅರ್ಥ್ ಆಗಿರುವ ಮಾದರಿಯಾದರೆ, ಕೂರಿಸುವ ಜಾಗದ ಪೇಂಟ್ ಕೆರೆದು ಬೆಳ್ಳಗಿನ ಲೋಹ ಕಾಣಿಸಿ. ಬೋಲ್ಟ್ ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಉಪ್ಪುಗಾಳಿಗೆ ಬರಿ ತಾಮ್ರದ ಎಳೆ ಇನ್ಸುಲೇಷನ್ ಒಳಗೇ ಕಪ್ಪಾಗುತ್ತಾ ಹೋಗುತ್ತದೆ. ಕಾರವಾರ, ಹೊನ್ನಾವರ, ಭಟ್ಕಳದವರು ದೋಣಿಗಳಿಗೆ ಬಳಸುವ, ತವರ ಲೇಪಿಸಿದ ವೈರು ಕೇಳಿ ತನ್ನಿ. ಜೋಡಣೆಯನ್ನು ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಬೆಸುಗೆ ಹಾಕಿದ ವೈರು ಗಟ್ಟಿಯಾದ ಜಾಗದ ಅಂಚಿನಲ್ಲೇ ಅದುರಿ ತುಂಡಾಗುತ್ತದೆ.

ಕಾಯಿಲನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ, ಬಾಡಿಗೆ ಕೂರಿಸಿ. ಕುಮಟಾದಿಂದ ದೇವಿಮನೆ ಘಟ್ಟ ಏರುವಾಗ ಗಾಳಿ ಕಮ್ಮಿ, ಕಾವು ಹೆಚ್ಚು. ಅಲ್ಲಿ ತಡವರಿಸಿ ತಂಪಾದ ಮೇಲೆ ಸರಿಯಾಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಕಾಯಿಲ್ ಮತ್ತು ಇಗ್ನೈಟರನ್ನೇ.

ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಸಿಗುವ ಸರದಿ) 1-3-4-2. ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಯ ಹೊತ್ತನ್ನು ಇಗ್ನೈಟರ್‌ಗೆ ತಿಳಿಸುವ ಪಿಕಪ್ ಕಾಯಿಲ್‌ನ ಎರಡು ವೈರು ಅದಲುಬದಲಾದರೂ ಎಂಜಿನ್ ಸ್ಟಾರ್ಟ್ ಆಗಬಹುದು, ಆದರೆ ಟೈಮಿಂಗ್ ಒಂದೆಡೆ ನಿಲ್ಲುವುದಿಲ್ಲ. ಚೋಕ್ ಎಳೆದಾಗ ಓಡಿ, ಐಡಲಿಂಗಿಗೆ ಬಂದೊಡನೆ ನಿಂತರೆ ಇಗ್ನಿಷನ್ ಕೆದಕುವ ಮೊದಲು ಕಾರ್ಬುರೇಟರಿನ ಫ್ಯುಯೆಲ್ ಕಟ್ ಸೊಲೆನಾಯ್ಡ್‌ಗೆ (ಐಡಲಿಂಗಿನ ಪೆಟ್ರೋಲ್ ದಾರಿ ತೆರೆಯುವ ವಿದ್ಯುತ್ ವಾಲ್ವ್) 12 ವೋಲ್ಟ್ ಕೊಟ್ಟಿದ್ದೀರಾ ನೋಡಿ. ಹಳೆ ಜೀಪಿನಲ್ಲಿ ಆ ವೈರೇ ಇರಲಿಲ್ಲವಾದ್ದರಿಂದ ಇದು ಸುಲಭವಾಗಿ ಬಿಟ್ಟುಹೋಗುತ್ತದೆ. ಇದನ್ನೂ 87ರಿಂದಲೇ ಕೊಡಬಹುದು.

ಕಡೆಯ ಪರೀಕ್ಷೆ ಸೆಲ್ಫ್ ಹೊಡೆಯುತ್ತಿರುವಾಗ. ಕಾಯಿಲ್ ಪ್ಲಸ್‌ನ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟಿಗಿಂತ ಹೆಚ್ಚು ಇಳಿದಿರಬಾರದು. ಬ್ಯಾಟರಿಯೇ 9.6ಕ್ಕಿಂತ ಕೆಳಗೆ ಕುಸಿದರೆ ಇಗ್ನಿಷನ್ ಬಿಟ್ಟು ಬ್ಯಾಟರಿ, ಸೆಲ್ಫ್ ಮೋಟಾರು ಮತ್ತು ಅರ್ಥ್ ಕೇಬಲ್ ಕಡೆ ತಿರುಗಿ.