ಧೂಮಕೇತುವಿನ ಒಡಲ ತಾಪ: ಲೆಕ್ಕ ಹಾಕುವುದು ಹೇಗೆ?

ಧೂಮಕೇತುವಿನ ನೆಲದಡಿಯ ತಾಪವನ್ನು ಲೆಕ್ಕ ಹಾಕಲು ಹೊರಟ ವಿದ್ಯಾರ್ಥಿಗಳು ಬಹುಪಾಲು ಎಡವುವುದು ಒಂದೇ ಕಡೆ. ಶಾಖ ಹರಿಯುವ ಸಮೀಕರಣ ಸರಿಯಾಗಿರುತ್ತದೆ; ನೆಲವನ್ನು ಮಾತ್ರ ಹತ್ತು ಹತ್ತು ಸೆಂಟಿಮೀಟರಿನ ಪದರಗಳಾಗಿ ಕೊಯ್ದಿರುತ್ತಾರೆ.

ಮೊದಲು ಧೂಮಕೇತುವನ್ನು ಆರಿಸಿಕೊಳ್ಳಿ. ಹೊಸಬರಿಗೆ 67ಪಿ ಚುರ್ಯುಮೋವ್–ಗೆರಾಸಿಮೆಂಕೊ ಬಿಟ್ಟು ಬೇರೆಯದು ಬೇಡ. 2014ರಲ್ಲಿ ಅಲ್ಲಿಗೆ ತಲುಪಿದ ರೊಸೆಟ್ಟಾ ನೌಕೆ ಅಳೆದ ಅಂಕಿಗಳು ಕೈಯಲ್ಲಿವೆ: ಒಂದು ಸುತ್ತು ತಿರುಗಲು ಸುಮಾರು 12.4 ಗಂಟೆ. ಸೂರ್ಯನನ್ನು ಸುತ್ತಲು ಅದಕ್ಕೆ ಸುಮಾರು ಆರೂವರೆ ವರ್ಷ ಬೇಕು.

ನಂತರ ನೆಲದ ಗುಣ. ನೌಕೆಯ ಮೈಕ್ರೊವೇವ್ ಉಪಕರಣದ ಪ್ರಕಾರ ಉಷ್ಣ ಜಡತ್ವ (ಬಿಸಿಯಾಗಲು, ತಣಿಯಲು ನೆಲ ತೋರುವ ಹಿಂಜರಿಕೆ), ಎಸ್‌ಐ ಮಾನದಲ್ಲಿ, 10ರಿಂದ 50. ನಾನು 30 ಹಿಡಿಯುತ್ತೇನೆ. ಸಾಂದ್ರತೆ, ವಿಶಿಷ್ಟೋಷ್ಣ (ಒಂದು ಕಿಲೊವನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ) ಎರಡಕ್ಕೂ 500 ಹಾಕಿ, ಜಡತ್ವದ ವರ್ಗವನ್ನು ಅವೆರಡರ ಗುಣಲಬ್ಧದಿಂದ ಭಾಗಿಸಿದರೆ ಉಷ್ಣವಾಹಕತೆ 0.0036 ಬರುತ್ತದೆ. ಇದು ನಿಂತ ಗಾಳಿಯ ವಾಹಕತೆಯ ಏಳನೇ ಒಂದು ಪಾಲು. ಒಲೆಯ ಬೂದಿ ಕೆಂಡದ ಶಾಖವನ್ನು ಹೊರಬಿಡದಂತೆ ಇಲ್ಲಿಯ ಧೂಳು ಬಿಸಿಲನ್ನು ಒಳಬಿಡುವುದಿಲ್ಲ.

ಈಗ ಪದರಗಳು. ಇಲ್ಲಿ ಅವಸರ ಬೇಡವೇ ಬೇಡ. ಮೇಲಿನ ಅಂಕಿಗಳಂತೆ ಹಗಲು–ರಾತ್ರಿಯ ಏರಿಳಿತ 1.4 ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಶೇ 37ಕ್ಕೆ ಕುಗ್ಗುತ್ತದೆ; ಆರು ಸೆಂಟಿಮೀಟರಿನಲ್ಲಿ ಶೇ 2ಕ್ಕಿಂತ ಕಡಿಮೆ. ಅಂದರೆ ಇಡೀ ದಿನದ ಕಥೆ ನಿಮ್ಮ ಹತ್ತು ಸೆಂಟಿಮೀಟರಿನ ಮೊದಲ ಪದರದೊಳಗೇ ಮುಗಿದು, ಸರಾಸರಿಯಾಗಿ ಮಾಯವಾಗುತ್ತದೆ. ಆದರೆ ಧೂಮಕೇತುವಿನ ಆರೂವರೆ ವರ್ಷದ ಸುತ್ತಿನ ಏರಿಳಿತ ಅಷ್ಟೇ ಕುಗ್ಗಲು ಸುಮಾರು ಒಂದು ಮೀಟರ್ ಇಳಿಯುತ್ತದೆ, ಹಾಗಾಗಿ ಆಳವೂ ಬೇಕು. ಮೇಲಿನ ಪದರ 2 ಮಿಲಿಮೀಟರ್ ಇರಲಿ. ಮುಂದಿನ ಪ್ರತಿಯೊಂದನ್ನೂ ಹಿಂದಿನದಕ್ಕಿಂತ ಶೇ 10ರಷ್ಟು ದಪ್ಪ ಮಾಡಿ. 56 ಪದರಗಳಲ್ಲಿ ನಾಲ್ಕು ಮೀಟರ್ ದಾಟುತ್ತೀರಿ. ಕಾಲದ ಹೆಜ್ಜೆ, ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದೆ ಹೋಗುವ ಸಮಯ, 60 ಸೆಕೆಂಡ್ ಮೀರದಿರಲಿ. ತೀರಾ ಹಿಗ್ಗಿಸಿದರೆ ಅಂಕಿಗಳು ಹುಚ್ಚೆದ್ದು ಕುಣಿಯುತ್ತವೆ.

ಮೇಲ್ಮೈಯಲ್ಲಿ ಬಂದ ಬಿಸಿಲು, ಹೊರಸೂಸಿದ ಶಾಖ, ಒಳಹೋದ ಶಾಖ ಪ್ರತಿ ಹೆಜ್ಜೆಯಲ್ಲೂ ತಾಳೆಯಾಗಬೇಕು. ಕಟ್ಟಡದ ಗೋಡೆಗೆಂದು ಮಾಡಿದ ಸಿದ್ಧ ಎಕ್ಸೆಲ್ ಹಾಳೆಗಳನ್ನು ಮುಟ್ಟಬೇಡಿ. ಅವು ಶಾಖವನ್ನು ಗಾಳಿಗೆ ಬಿಡುತ್ತವೆ. ಇಲ್ಲಿ ಗಾಳಿಯಿಲ್ಲ, ಶಾಖ ಹೊರಹೋಗುವುದು ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ. ಸೂರ್ಯನಿಗೆ ಅತಿ ಸಮೀಪದಲ್ಲಿ, ನೆತ್ತಿಯ ಮೇಲೆ ಬಿಸಿಲಿರುವಾಗ ಒಣ ಧೂಳಿನ ತಾಪ 350 ಕೆಲ್ವಿನ್ ಆಸುಪಾಸು ಬರಬೇಕು. ಧೂಳಿನಡಿ ಹಿಮವಿಟ್ಟರೆ, ಆವಿಯಾಗುವ ಪ್ರತಿ ಕಿಲೊಗೆ 28 ಲಕ್ಷ ಜೂಲ್ ಕಳೆಯಿರಿ.

ತಳದಲ್ಲಿ ಶಾಖದ ಹರಿವು ಸೊನ್ನೆ ಎಂದು ಹಿಡಿಯಿರಿ. ಲೆಕ್ಕವನ್ನು ಸೂರ್ಯನ ಒಂದು ಪ್ರದಕ್ಷಿಣೆಗೆ ನಿಲ್ಲಿಸದೆ, ತಳದ ತಾಪ ಬದಲಾಗದಿರುವವರೆಗೆ ಓಡಿಸಿ. ಬಳಿಕ ಪದರಗಳ ದಪ್ಪವನ್ನು ಅರ್ಧಕ್ಕೆ, ಕಾಲದ ಹೆಜ್ಜೆಯನ್ನು ಕಾಲುಭಾಗಕ್ಕೆ ಇಳಿಸಿ ಮತ್ತೆ ಓಡಿಸಿ. ಉತ್ತರ ಒಂದು ಕೆಲ್ವಿನ್‌ಗಿಂತ ಹೆಚ್ಚು ಸರಿದರೆ, ಪದರಗಳು ಇನ್ನೂ ದಪ್ಪವಾಗಿವೆ.