ಏಳೆಣಿಕೆಯ ಮುಕ್ತಾಯಕ್ಕೆ ಜಾಜ್ ಬ್ಯಾಂಡನ್ನು ಒಗ್ಗಿಸುವುದು

1969ರಲ್ಲಿ ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಬುರ್ಕಾರ್ಡ್ ಕಟ್ಟಿದ ಎಂಬ್ರಿಯೋ ಒಂದು ತಿಕ್ಕಲು ಜಾಜ್-ರಾಕ್ ತಂಡ. 1978ರಲ್ಲಿ ಬಸ್ಸು ಹತ್ತಿ ಅಫ್ಘಾನಿಸ್ತಾನದ ದಾರಿಯಾಗಿ ಭಾರತಕ್ಕೆ ಹೊರಟು, ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಬೆಂಗಳೂರಿನ ತಾಳವಾದ್ಯ ಶಾಲೆ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ನುಡಿಸಿತು. ಎಂಬ್ರಿಯೋದಲ್ಲಿ ನುಡಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇದೇ ಬೆಂಗಳೂರು ಕಲಾವಿದರೊಂದಿಗೆ 1983ರ ‘ಜ್ಯೋತಿ’ ಆಲ್ಬಮ್ ಮಾಡಿದರು. ಇಂಥ ಕೂಟಗಳು ಎಡವುವುದು ಹೆಚ್ಚಾಗಿ ಮುಕ್ತಾಯದಲ್ಲೇ, ಅಂದರೆ ಒಂದೇ ಸೊಲ್ಲನ್ನು ಮೂರು ಸಲ ನುಡಿಸಿ ತಾಳದ ಮೊದಲ ಎಣಿಕೆಗೆ ಬಂದು ಸೇರುವ ಜಾಗದಲ್ಲಿ. ಹಾಗಾಗಿ ಅಭ್ಯಾಸವನ್ನು ಅಲ್ಲಿಂದಲೇ ಶುರು ಮಾಡಿ.

ಏಳು ಎಣಿಕೆ, ಎಣಿಕೆಗೆ ನಾಲ್ಕು ಮಾತ್ರೆ (ಎಣಿಕೆಯ ಕಾಲುಪಾಲು), ಒಟ್ಟು 28. ಸಮದಿಂದ, ಅಂದರೆ ತಾಳದ ಮೊದಲ ಎಣಿಕೆಯಿಂದ, ಹೀಗೆ ಹೇಳಿ:

ತಕಿಟ ತಕಿಟ ತಕಿಟ
ತದಿಗಿಣತೋಂ , , ತದಿಗಿಣತೋಂ , , ತದಿಗಿಣತೋಂ

ಒಂದೊಂದು ಅಲ್ಪವಿರಾಮಕ್ಕೆ ಒಂದು ಮಾತ್ರೆ ಬಿಡುವು. ಲೆಕ್ಕ 9+5+2+5+2+5. ಮುಂದಿನ ಹೊಡೆತವೇ ಸಮ.

ವಾದ್ಯ ಕೆಳಗಿಟ್ಟು, ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಹಾಕಿ, ಎಲ್ಲರೂ ಕೈಯಲ್ಲಿ ಎಣಿಕೆ ಹಾಕುತ್ತಾ ಬಾಯಲ್ಲಿ ಹೇಳಬೇಕು. ಪರೀಕ್ಷೆ ಸುಲಭ: ಎರಡನೇ ತದಿಗಿಣತೋಂನ ‘ತ’ ಐದನೇ ಎಣಿಕೆಯ ಮೇಲೇ ಬೀಳುತ್ತದೆ. ಅಲ್ಲಿ ಚಪ್ಪಾಳೆ ತಪ್ಪಿದರೆ ಮೊದಲ ಬಿಡುವು ಕುಗ್ಗಿದೆ ಅಂತಲೇ ಅರ್ಥ. ಎರಡೂ ಬಿಡುವಿನಲ್ಲಿ ಒಂದೊಂದು ಮಾತ್ರೆ ನುಂಗಿದರೆ ಸಮಕ್ಕೆ ಎರಡು ಮಾತ್ರೆ ಮೊದಲೇ ಮುಗಿಯುತ್ತದೆ. ಹತ್ತು ಸಲ ತಪ್ಪಿಲ್ಲದೆ ಬಂದ ಮೇಲೆ ಮಾತ್ರ ವೇಗವನ್ನು ಐದೈದು ಏರಿಸಿ.

ಡ್ರಮ್ಮರ್ ಮೊದಲು ‘ತ’ಗಳಿಗೆ ಮಾತ್ರ ಕಿಕ್ (ಕಾಲಿನ ಡ್ರಮ್) ಒತ್ತಲಿ, ಕೈಯ ಸ್ನೇರ್ ಡ್ರಮ್ ಆಮೇಲೆ. ಅಭ್ಯಾಸದ ಕೈ ಜಾಜ್‌ನ ತೂಗುವ ಲಯವಾದ ಸ್ವಿಂಗ್‌ನತ್ತ ವಾಲಿ ಎರಡು ಮಾತ್ರೆ ಉದ್ದ-ಗಿಡ್ಡ ಆಗುತ್ತವೆ, ಅಲ್ಲಿಗೆ ತದಿಗಿಣತೋಂ ಕೆಟ್ಟಂತೆಯೇ. ಬಾಸ್ ವಾದಕರು ಮುಕ್ತಾಯದ ಹಿಂದೆ ಓಡದೆ ಏಳೆಣಿಕೆಯನ್ನು 3+2+2 ಎಂದೇ ಹಿಡಿದಿರಬೇಕು. ಎಲ್ಲರೂ ಒಟ್ಟಿಗೆ ಮುಕ್ತಾಯ ನುಡಿಸಿದರೆ ತಾಳ ಯಾರ ಕೈಯಲ್ಲೂ ಉಳಿಯುವುದಿಲ್ಲ. ಸ್ಯಾಕ್ಸ್‌ನವರು ಬಿಡುವಿನಲ್ಲಿ ಉಸಿರೆಳೆಯಲು ಹೋಗಿ ತಡವಾಗುತ್ತಾರೆ; ಉಸಿರು ತಕಿಟಕ್ಕೆ ಮೊದಲೇ ತುಂಬಿರಬೇಕು.

ಎಂಟೆಣಿಕೆಯ ಆದಿತಾಳಕ್ಕೆ, ಅಂದರೆ 4/4ರ ಎರಡು ಬಾರ್‌ಗೆ, ಒಂದೊಂದು ಬಿಡುವನ್ನೂ ನಾಲ್ಕು ಮಾತ್ರೆಯಾಗಿಸಿದರೆ 32 ತುಂಬುತ್ತದೆ. ಐದೆಣಿಕೆಗೆ ಒಂದೇ ತಕಿಟ, ಬಿಡುವೂ ಒಂದೊಂದೇ ಮಾತ್ರೆ: 3+5+1+5+1+5. ಆದಿಯಲ್ಲಿ ಯಾವ ತದಿಗಿಣತೋಂ ಕೂಡ ಎಣಿಕೆಯ ಮೇಲೆ ಶುರುವಾಗುವುದಿಲ್ಲ. ಸುಲಭದ ತಾಳ ಎಂದು ಮೊದಲು ಅದನ್ನು ಎತ್ತಿಕೊಂಡವರು ಕಂಗಾಲಾಗುತ್ತಾರೆ.

ಶ್ರುತಿ ಮೊದಲೇ ಗೊತ್ತುಮಾಡಿ. ಮೃದಂಗದ ಬಲಮುಖ ಪಾಶ್ಚಾತ್ಯ ‘ಡಿ’ ಸ್ವರಕ್ಕೆ ಸೇರಿದ್ದರೆ ಆಲ್ಟೊ ಸ್ಯಾಕ್ಸ್‌ನವರ ಸ್ವರಲಿಪಿಯ ಹಾಳೆಯಲ್ಲಿ ಅದು ‘ಬಿ’. ಹಾಡಿನ ನಡುವೆ ಸ್ಕೇಲ್ ಬದಲಿಸಿದರೆ ಮೃದಂಗ ಪರಕೀಯವಾಗಿ ಕೇಳುತ್ತದೆ. ಎಸಿ ಹಾಲ್‌ನಲ್ಲಿ ಎಡಮುಖಕ್ಕೆ ಹಚ್ಚಿದ ರವೆ ಒಣಗಿ ಗುಂಕಿಯ, ಅಂದರೆ ಎಡಗೈಯ ಗುಂಯ್ ನಾದದ, ಆಳ ಹೋಗುತ್ತದೆ. ಬಟ್ಟಲಲ್ಲಿ ನೀರಿಟ್ಟುಕೊಂಡು ಹಾಡಿನ ನಡುವಿನ ಬಿಡುವಿನಲ್ಲಿ ಬೆರಳದ್ದಿ ಸವರಿ; ಮೈಕ್ ಮೇಲೆ ಹನಿ ಬೀಳದಿರಲಿ.